ಮಿಕ್ಸರ್‌ನ ಒಂದು ಚಾನೆಲ್: ಗೇನ್‌ನಿಂದ ಫೇಡರ್‌ವರೆಗೆ

ಮೈಕ್, ವಾದ್ಯಗಳ ದನಿಯನ್ನೆಲ್ಲ ಸೇರಿಸಿ ಸ್ಪೀಕರ್‌ಗೆ ಕಳಿಸುವ ಮಿಕ್ಸರ್ ಮುಂದೆ ಮೊದಲ ಸಲ ಕೂತವರು ಅಷ್ಟು ನಾಬ್ ನೋಡಿಯೇ ಹೆದರುತ್ತಾರೆ. 16 ಚಾನೆಲ್‌ನ ಒಂದು ಸಾಧಾರಣ ಮಿಕ್ಸರ್‌ನಲ್ಲೂ ನಾಬ್, ಬಟನ್ ಎಲ್ಲ ಸೇರಿ ನೂರಕ್ಕಿಂತ ಜಾಸ್ತಿ ಇರುತ್ತವೆ. ಆದರೆ ಕಲಿಯಬೇಕಾದದ್ದು ಒಂದೇ ಸಾಲು, ಅಂದರೆ ಒಂದೇ ಚಾನೆಲ್. ಎಡಗಡೆಯ ಮೊದಲ ಚಾನೆಲ್ ಮೇಲಿಂದ ಕೆಳಗೆ ಅರ್ಥವಾದರೆ ಪಕ್ಕದ್ದೂ ಅರ್ಥವಾದ ಹಾಗೆಯೇ. ಅದನ್ನೇ ಪಕ್ಕಪಕ್ಕದಲ್ಲಿ ಮತ್ತೆ ಮತ್ತೆ ಜೋಡಿಸಿರುತ್ತಾರೆ, ಅಷ್ಟೇ.

ಕೊಡಗಿನ ಗೋಣಿಕೊಪ್ಪದಲ್ಲಿ ನಮ್ಮದು ಮೈಕ್ ಸೆಟ್ ಅಂಗಡಿ. ಅಪ್ಪ ಶುರು ಮಾಡಿದ್ದು. ಅವರ ಕಾಲದಲ್ಲಿ ಒಂದು ಆಂಪ್ಲಿಫೈಯರ್, ಮರಕ್ಕೆ ಕಟ್ಟುವ ಎರಡು ಹಾರ್ನ್, ಎರಡು ಮೈಕ್ ಇದ್ದರೆ ಸಭೆ ನಡೆಯುತ್ತಿತ್ತು. ಈಗ ಶಾಲೆಗಳು, ಯುವಕ ಸಂಘಗಳು, ದೇವಸ್ಥಾನಗಳು, ಚರ್ಚುಗಳು ತಾವೇ ಚಿಕ್ಕ ಮಿಕ್ಸರ್ ತಗೊಂಡಿವೆ. ಅದನ್ನು ಯಾರೋ ಒಬ್ಬ ಮೇಷ್ಟ್ರು ಅಥವಾ ಪಿಯುಸಿ ಹುಡುಗ ನೋಡಿಕೊಳ್ಳುತ್ತಾರೆ. ಅವರು ಅಂಗಡಿಗೆ ಬಂದು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: "ಅಣ್ಣ, ಸೌಂಡ್ ಬರ್ತದೆ, ಆದರೆ ಮಾತು ಗೊತ್ತಾಗಲ್ಲ. ಯಾವ ನಾಬ್ ತಿರುಗಿಸಬೇಕು?" ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಹಾಲ್‌ನ ಕೊನೆ ಬೆಂಚಿನಲ್ಲಿ ಕೂತ ಅಜ್ಜಿಗೆ ಪ್ರತಿ ಮಾತೂ ಬಿಡಿಸಿ ಕೇಳಬೇಕು. ನನ್ನ ಮಟ್ಟಿಗೆ ಮೈಕ್ ಹಾಕುವುದು ಅದಕ್ಕೇ.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ದನಿ ಚಾನೆಲ್‌ನ ಮೇಲಿನಿಂದ ಇಳಿಯುತ್ತಾ ಬರುತ್ತದೆ. ಗದ್ದೆಗೆ ನೀರು ಬಿಟ್ಟಾಗ ಮೇಲಿನ ಮಡಿಯಲ್ಲಿ ಕದಡಿದ ನೀರು ಕೆಳಗಿನ ಮಡಿಗೆ ಹೋಗಿ ತಿಳಿಯಾಗುವುದಿಲ್ಲ ಅಲ್ವಾ, ಇದೂ ಹಾಗೆಯೇ. ಮೇಲೆ ಗೇನ್‌ ನಾಬ್‌ನಲ್ಲಿ ಕೆಟ್ಟದ್ದನ್ನು ಕೆಳಗೆ ಫೇಡರ್‌ನಲ್ಲಿ, ಅಂದರೆ ಮೇಲೆ ಕೆಳಗೆ ಸರಿಸುವ ಗುಂಡಿಯಲ್ಲಿ, ಸರಿ ಮಾಡಲು ಆಗುವುದಿಲ್ಲ. ಹಾಗಾಗಿ ಕೈ ಯಾವಾಗಲೂ ಮೇಲಿನಿಂದ ಶುರುವಾಗಲಿ.

ವೈರ್ ಚುಚ್ಚುವ ಜಾಗ

ಸಾಲಿನ ತುದಿಯಲ್ಲಿ, ಕೆಲವು ಮಿಕ್ಸರ್‌ಗಳಲ್ಲಿ ಹಿಂದುಗಡೆ, ಎರಡು ಥರದ ತೂತು ಇರುತ್ತವೆ. ಮೂರು ಪಿನ್‌ನ ದುಂಡನೆಯದು ಎಕ್ಸ್‌ಎಲ್‌ಆರ್. ಅದು ಮೈಕ್‌ಗೆ. ಪಕ್ಕದಲ್ಲಿರುವ ದಪ್ಪ ಜಾಕ್‌ನ ತೂತು ಕೀಬೋರ್ಡ್, ಲ್ಯಾಪ್‌ಟಾಪ್ ಥರದವಕ್ಕೆ. ಇದಕ್ಕೆ ಲೈನ್ ಅನ್ನುತ್ತಾರೆ. ಮೈಕ್‌ನಿಂದ ಬರುವ ಕರೆಂಟ್ ತೀರಾ ಸಣ್ಣದು, ಒಂದು ವೋಲ್ಟ್‌ನ ಸಾವಿರದ ಕೆಲವು ಪಾಲು. ವೃತ್ತಿಪರ ಉಪಕರಣಗಳ ಲೈನ್ ಮಟ್ಟ ಸುಮಾರು 1.23 ವೋಲ್ಟ್. ಈ ಅಂತರ ತುಂಬಾ ದೊಡ್ಡದು, ಅದಕ್ಕೇ ಎರಡು ಬೇರೆ ಬೇರೆ ತೂತು.

ಇಲ್ಲಿ ಶಾಲೆಯ ವಾರ್ಷಿಕೋತ್ಸವಗಳಲ್ಲಿ ಪದೇ ಪದೇ ಆಗುವ ಒಂದು ತೊಂದರೆ ಹೇಳುತ್ತೇನೆ. ಮಕ್ಕಳ ಡ್ಯಾನ್ಸಿಗೆ ಮೊಬೈಲ್‌ನಿಂದ ಹಾಡು ಹಾಕುತ್ತಾರೆ. ತಬಲ, ಗಿಟಾರ್ ಎಲ್ಲ ಕೇಳುತ್ತದೆ, ಹಾಡುವವರ ದನಿ ಮಾತ್ರ ಮಾಯ. ಮೊಬೈಲ್ ಕೆಟ್ಟಿದೆ, ಹಾಡೇ ಸರಿಯಿಲ್ಲ ಅಂದುಕೊಳ್ಳುತ್ತಾರೆ. ವೈರಿನ ತುದಿ ನೋಡಿ. ಜಾಕ್ ಮೇಲೆ ಎರಡು ಕಪ್ಪು ಗೆರೆ ಇದ್ದರೆ ಅದು ಸ್ಟೀರಿಯೋ ಜಾಕ್. ಅದನ್ನು ಒಂದು ಮೋನೋ ಚಾನೆಲ್‌ನ ಲೈನ್ ತೂತಿಗೆ ಹಾಕಿದರೆ ಮಿಕ್ಸರ್ ಎಡಗಡೆಯದರಿಂದ ಬಲಗಡೆಯದನ್ನು ಕಳೆದುಬಿಡುತ್ತದೆ. ಎರಡೂ ಕಡೆ ಒಂದೇ ಸಮನಾಗಿರುವುದು ಅಳಿಸಿಹೋಗುತ್ತದೆ. ಹಾಡುವವರ ದನಿ ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿಯೇ ಇರುತ್ತದೆ. ಹಾಗಾಗಿ ಹೋಗುವುದು ಅದೇ. ಒಂದು ತುದಿಯಲ್ಲಿ ಮೊಬೈಲ್ ಪಿನ್, ಇನ್ನೊಂದು ತುದಿಯಲ್ಲಿ ಎರಡು ಬೇರೆ ಜಾಕ್ ಇರುವ ವೈರ್ ತಗೊಳ್ಳಿ. ಅದನ್ನು ಬಲತುದಿಯಲ್ಲಿರುವ ಸ್ಟೀರಿಯೋ ಚಾನೆಲ್‌ಗೆ ಹಾಕಿ. ದನಿ ವಾಪಸ್ ಬರುತ್ತದೆ.

48 ವೋಲ್ಟ್ ಬಟನ್

ಇದಕ್ಕೆ ಫ್ಯಾಂಟಮ್ ಪವರ್ ಅನ್ನುತ್ತಾರೆ. ಕಂಡೆನ್ಸರ್ ಮೈಕ್‌ಗೆ ಮೈಕ್ ವೈರಿನಲ್ಲೇ ಕರೆಂಟ್ ಕಳಿಸುವ ವ್ಯವಸ್ಥೆ. ಭಾಷಣದ ಪೋಡಿಯಂ ಮೇಲಿನ ತೆಳ್ಳಗಿನ ಬಾಗುವ ಮೈಕ್‌ಗಳಿಗೆ, ಕೋರಸ್‌ಗೆ ಇಡುವ ಮೈಕ್‌ಗಳಿಗೆ ಹೆಚ್ಚಾಗಿ ಇದು ಬೇಕು. ಕೈಯಲ್ಲಿ ಹಿಡಿದು ಹಾಡುವ ಸಾಮಾನ್ಯ ಡೈನಮಿಕ್ ಮೈಕ್‌ಗೆ ಬೇಡ. ಶೂರ್ ಎಸ್‌ಎಂ58 ಗೊತ್ತಲ್ಲ, 1966ರಲ್ಲಿ ಬಂದ ಆ ಉಂಡೆ ಜಾಲರಿಯ ಮೈಕ್, ಅದೂ ಡೈನಮಿಕ್‌.

ಡೈನಮಿಕ್ ಮೈಕ್ ಸರಿಯಾದ ಮೂರು ಪಿನ್ ವೈರಿನಲ್ಲಿದ್ದರೆ 48 ವೋಲ್ಟ್ ಆನ್ ಇದ್ದರೂ ಹಾಳಾಗುವುದಿಲ್ಲ. 2ನೇ ಪಿನ್, 3ನೇ ಪಿನ್ ಎರಡಕ್ಕೂ ಒಂದೇ ವೋಲ್ಟೇಜ್ ಹೋಗುವುದರಿಂದ ಮೈಕ್‌ನೊಳಗಿನ ಕಾಯಿಲ್‌ಗೆ ಅದರ ಅರಿವೇ ಆಗುವುದಿಲ್ಲ. ಅಪಾಯ ಇರುವುದು ಯಾರೋ ಮನೆಯಲ್ಲಿ ಬೆಸುಗೆ ಹಾಕಿಕೊಂಡ ವೈರ್‌ಗಳಲ್ಲಿ, ಮತ್ತೆ ಲ್ಯಾಪ್‌ಟಾಪನ್ನು ಎಕ್ಸ್‌ಎಲ್‌ಆರ್‌ ತೂತಿಗೆ ತಂದು ಹಾಕಿದಾಗ. ಚಿಕ್ಕ ಮಿಕ್ಸರ್‌ಗಳಲ್ಲಿ ಈ ಬಟನ್ ಎಲ್ಲ ಮೈಕ್ ಚಾನೆಲ್‌ಗೂ ಸೇರಿ ಒಂದೇ ಇರುತ್ತದೆ. ಅದನ್ನು ಒತ್ತುವ ಮೊದಲು ಯಾವ ಯಾವ ತೂತಿನಲ್ಲಿ ಏನೇನಿದೆ ಅಂತ ನೋಡಿ. ಎಲ್ಲ ಚಾನೆಲ್‌ಗೂ ಸೇರಿದ ಮಾಸ್ಟರ್ ಫೇಡರ್ ಪೂರ್ತಿ ಕೆಳಗೆ ಇಳಿಸಿ ಆಮೇಲೆ ಒತ್ತಿ. ಇಲ್ಲದಿದ್ದರೆ ಸ್ಪೀಕರ್ ಬಾಕ್ಸ್‌ಗಳಲ್ಲಿ ದಪ್ ಅಂತ ಒಂದು ಹೊಡೆತ ಬೀಳುತ್ತದೆ. ಅದು ಬಾಕ್ಸ್‌ನೊಳಗಿನ ಟ್ವೀಟರ್‌ಗೆ (ತೆಳು ಸದ್ದಿನ ಸಣ್ಣ ಸ್ಪೀಕರ್) ಒಳ್ಳೆಯದಲ್ಲ.

ಗೇನ್

ಇಡೀ ಸಾಲಿನಲ್ಲಿ ಮುಖ್ಯವಾದ ನಾಬ್ ಇದು. ಮೈಕ್‌ನ ಸಣ್ಣ ಕರೆಂಟನ್ನು ಮಿಕ್ಸರ್ ಕೆಲಸ ಮಾಡುವ ಮಟ್ಟಕ್ಕೆ ಎತ್ತುವುದು ಗೇನ್. ಇದನ್ನು ಡಿಬಿ (ಡೆಸಿಬೆಲ್) ಲೆಕ್ಕದಲ್ಲಿ ಅಳೆಯುತ್ತಾರೆ. 60 ಡಿಬಿ ಗೇನ್ ಅಂದರೆ ವೋಲ್ಟೇಜನ್ನು 1000 ಪಟ್ಟು ಹೆಚ್ಚಿಸಿದ ಹಾಗೆ. ಕಡಿಮೆ ಇಟ್ಟರೆ ದನಿಯ ಜೊತೆ ಸುಯ್ ಅನ್ನುವ ಸದ್ದು ಏಳುತ್ತದೆ. ಜಾಸ್ತಿ ಇಟ್ಟರೆ ದನಿ ಒಡೆಯುತ್ತದೆ. ಒಡೆದ ದನಿಯನ್ನು ಫೇಡರ್ ಇಳಿಸಿ ಸಣ್ಣದು ಮಾಡಬಹುದು, ಆದರೆ ಅದು ಒಡೆದ ದನಿಯಾಗಿಯೇ ಉಳಿಯುತ್ತದೆ.

ಗೇನ್‌ಗೆ ವಾಲ್ಯೂಮ್ ಅಂತ ಹೆಸರಿಟ್ಟುಕೊಂಡವರು ತುಂಬಾ ಜನ. "ಸೌಂಡ್ ಸಾಲದು" ಅಂತ ಯಾರಾದರೂ ಕೂಗಿದ ಕೂಡಲೇ ಕೈ ಅಲ್ಲಿಗೇ ಹೋಗುತ್ತದೆ. ಕಾರ್ಯಕ್ರಮದ ನಡುವೆ ಗೇನ್ ಮುಟ್ಟಿದರೆ ಅದರ ಕೆಳಗಿರುವುದೆಲ್ಲ ಒಟ್ಟಿಗೆ ಏರುತ್ತದೆ: ಮುಂದಿನ ಬಾಕ್ಸ್, ಸ್ಟೇಜ್ ಮೇಲಿನ ಮಾನಿಟರ್ (ಹಾಡುವವರಿಗೆ ತಮ್ಮ ದನಿ ಕೇಳಿಸುವ ಬಾಕ್ಸ್), ಎಕೋ, ರೆಕಾರ್ಡಿಂಗ್ ಎಲ್ಲ. ಮಾನಿಟರ್ ಏರಿದ ಕೂಡಲೇ ಅದರ ಸದ್ದು ವಾಪಸ್ ಮೈಕ್‌ಗೇ ಹೋಗಿ ಮೈಕ್ ಕೂಗಲು ಶುರು ಮಾಡುತ್ತದೆ. ಇದಕ್ಕೆ ಫೀಡ್‌ಬ್ಯಾಕ್ ಅನ್ನುತ್ತಾರೆ. ಗೇನ್ ಒಂದು ಸಲ ಸರಿಯಾಗಿ ಇಟ್ಟ ಮೇಲೆ ಅದನ್ನು ಬಿಟ್ಟುಬಿಡಬೇಕು.

ಇಡುವುದು ಹೇಗೆ? ಚಾನೆಲ್ ಫೇಡರ್ ಪೂರ್ತಿ ಕೆಳಗೆ. ಗೇನ್ ಪೂರ್ತಿ ಎಡಕ್ಕೆ. ಇಕ್ಯೂ ನಾಬ್‌ಗಳೆಲ್ಲ (ಟ್ರೆಬಲ್, ಮಿಡ್, ಬೇಸ್) ನಡುವಿಗೆ. ಫೇಡರ್ ಹತ್ತಿರ ಪಿಎಫ್‌ಎಲ್ ಅಂತಲೋ ಸೋಲೋ ಅಂತಲೋ ಬರೆದ ಬಟನ್ ಇದೆಯಲ್ಲ, ಅದನ್ನು ಒತ್ತಿ. ಈಗ ಬಲಗಡೆಯ ಮೀಟರ್ ಆ ಒಂದು ಚಾನೆಲ್ಲನ್ನು ಮಾತ್ರ ತೋರಿಸುತ್ತದೆ. ಹೆಡ್‌ಫೋನ್ ಹಾಕಿದರೆ ಅದೊಂದೇ ಕೇಳುತ್ತದೆ, ಹಾಲ್‌ಗೆ ಏನೂ ಹೋಗುವುದಿಲ್ಲ. ಹಾಡುವವರಿಗೆ ಹಾಡಲು ಹೇಳಿ. ಮೀಟರ್ 0 ಹತ್ತಿರ ಆಡುತ್ತಾ, ಜೋರು ಬಂದಾಗ 6ರವರೆಗೆ ಏರಿ ಇಳಿಯುವಷ್ಟು ಗೇನ್ ಕೊಡಿ. ಕೆಂಪು ದೀಪ ಹತ್ತಲೇಬಾರದು. ಹತ್ತಿದರೆ ಸ್ವಲ್ಪ ಹಿಂದಕ್ಕೆ ಬನ್ನಿ. ಪೂರ್ತಿ ಎಡಕ್ಕೆ ತಂದರೂ ಕೆಂಪು ಹತ್ತುತ್ತಿದ್ದರೆ ಪ್ಯಾಡ್ ಅನ್ನುವ ಬಟನ್ ಒತ್ತಿ. ಅದು ಬರುವ ಸಿಗ್ನಲ್ಲನ್ನೇ 20 ಡಿಬಿಯಷ್ಟೋ ಅದಕ್ಕಿಂತ ಸ್ವಲ್ಪ ಜಾಸ್ತಿಯೋ ತಗ್ಗಿಸುತ್ತದೆ.

ಹಾಡಲು ಹೇಳಿ ಅಂದೆ. "ಹಲೋ ಹಲೋ, ಮೈಕ್ ಟೆಸ್ಟಿಂಗ್" ಅಂತ ಮೆಲ್ಲಗೆ ಹೇಳಿಸಿ ಗೇನ್ ಇಟ್ಟರೆ ಪ್ರಯೋಜನ ಇಲ್ಲ. ಅವರು ಕಾರ್ಯಕ್ರಮದಲ್ಲಿ ಎಷ್ಟು ಜೋರಾಗಿ ಹಾಡುತ್ತಾರೋ ಅಷ್ಟೇ ಜೋರಾಗಿ ಹಾಡಬೇಕು. ಇದು ಸರಿಯಾಗಿ ಗೊತ್ತಾಗುವುದು ಹಾಕಿ ಕಾಮೆಂಟರಿಯಲ್ಲಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಬೇಸಿಗೆಯಲ್ಲಿ ವಾರಗಟ್ಟಲೆ ನಡೆಯುತ್ತದೆ. ಕಾಮೆಂಟರಿ ಹೇಳುವವರು ಆಟ ಮಂದವಾಗಿದ್ದಾಗ ಪಕ್ಕದವರ ಜೊತೆ ಮಾತಾಡುವ ಹಾಗೆ ಹೇಳುತ್ತಿರುತ್ತಾರೆ. ಚೆಂಡು ಗೋಲ್ ಎದುರಿನ ಡಿ ಗೆರೆಯೊಳಗೆ ಬಂತೋ, ದನಿ ಏರುತ್ತದೆ. ಗೋಲ್ ಆದರೆ ಪೂರ್ತಿ ಕಿರುಚು. ಗೇನ್ ಇಡಬೇಕಾದದ್ದು ಆ ಕಿರುಚಿಗೆ. ನಾನು ಬೆಳಿಗ್ಗೆಯೇ ಅವರಿಗೆ ಒಂದು ಸಲ "ಗೋಲ್" ಅಂತ ಕೂಗಿ ತೋರಿಸಿ ಸಾರ್ ಅಂತ ಕೇಳುತ್ತೇನೆ. ಮೊದಮೊದಲು ನಾಚಿಕೊಳ್ಳುತ್ತಾರೆ. ಆಮೇಲೆ ಕೂಗುತ್ತಾರೆ. ಆ ಕೂಗಿಗೆ ಕೆಂಪು ಹತ್ತದಷ್ಟು ಗೇನ್ ಇಟ್ಟು, ಮಂದ ಮಾತಿಗೆ ಫೇಡರ್ ಸ್ವಲ್ಪ ಮೇಲೆ, ಕೂಗಿಗೆ ಸ್ವಲ್ಪ ಕೆಳಗೆ ಅಂತ ಬೆರಳಿನಲ್ಲೇ ಆಡಿಸುತ್ತೇನೆ.

ಕೆಲವು ಮಿಕ್ಸರ್‌ಗಳಲ್ಲಿ ಗೇನ್‌ನ ಕೆಳಗೆ ಕಾಂಪ್ ಅಂತ ಒಂದು ನಾಬ್ ಇರುತ್ತದೆ. ಏರಿದ ದನಿಯನ್ನು ತಾನಾಗಿಯೇ ಸ್ವಲ್ಪ ಅದುಮುವುದು ಅದರ ಕೆಲಸ. ಕಾಮೆಂಟರಿಗೆ, ಭಾಷಣಕ್ಕೆ ಕಾಲು ಭಾಗ ತಿರುಗಿಸಿ, ಸಾಕು. ಜಾಸ್ತಿ ಮಾಡಿದರೆ ಮಾತಿನ ಏರಿಳಿತವೇ ಸಾಯುತ್ತದೆ. ಸಣ್ಣ ಸದ್ದೂ ಮೇಲೆದ್ದು ಬಂದು ಮೈಕ್ ಬೇಗ ಕೂಗುತ್ತದೆ.

ನಾಬ್ ಮುಟ್ಟದೆಯೇ ಸಿಗುವ ಗೇನ್ ಒಂದಿದೆ. ಮೈಕ್ ಬಾಯಿಯಿಂದ 20 ಸೆಂಟಿಮೀಟರ್ ದೂರ ಇದ್ದದ್ದು 10 ಸೆಂಟಿಮೀಟರ್‌ಗೆ ಬಂದರೆ ಸುಮಾರು 6 ಡಿಬಿ ಜಾಸ್ತಿ ಸಿಗುತ್ತದೆ, ಅಂದರೆ ಸಿಗ್ನಲ್ ಎರಡು ಪಟ್ಟು. ಇದಕ್ಕೆ ಫೀಡ್‌ಬ್ಯಾಕ್‌ನ ಭಯವೂ ಇಲ್ಲ. ಸಣ್ಣ ಮಕ್ಕಳು ಕವನ ಓದುವಾಗ ಸ್ಟ್ಯಾಂಡನ್ನು ಅವರ ಬಾಯಿಯ ಎತ್ತರಕ್ಕೆ ಇಳಿಸಲು ಒಬ್ಬರನ್ನು ಸ್ಟೇಜ್ ಪಕ್ಕ ನಿಲ್ಲಿಸಿ. ಮಿಕ್ಸರ್‌ನಲ್ಲಿ ಏನು ಮಾಡಿದರೂ ಅದಕ್ಕೆ ಸಮ ಆಗುವುದಿಲ್ಲ. ಮೈಕ್‌ನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವವರಿಗೆ ಮೊದಲೇ ಹೇಳಿಬಿಡಿ. ಹಾಗೆ ಹಿಡಿದರೆ ಮೈಕ್ ಎಲ್ಲ ಕಡೆಯಿಂದಲೂ ಸದ್ದು ಎಳೆದುಕೊಳ್ಳುತ್ತದೆ, ಕೂಗುತ್ತದೆ.

ಲೋ ಕಟ್

80 ಅಥವಾ 100 ಅಂತ ಬರೆದು ಪಕ್ಕದಲ್ಲಿ ಓರೆ ಗೆರೆ ಎಳೆದಿರುವ ಚಿಕ್ಕ ಬಟನ್. ಎಚ್‌ಪಿಎಫ್ ಅಂತಲೂ ಬರೆದಿರುತ್ತಾರೆ. ಆ ಸಂಖ್ಯೆ ಹರ್ಟ್ಜ್‌ನದ್ದು, ಅಂದರೆ ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಲೆಕ್ಕ; ಕಡಿಮೆಯಾದಷ್ಟೂ ಸದ್ದು ದಪ್ಪ. ಆ ಸಂಖ್ಯೆಗಿಂತ ಕೆಳಗಿನ ದಪ್ಪ ಸದ್ದನ್ನು ಇದು ತಗ್ಗಿಸುತ್ತದೆ. ಗಂಡಸರ ಮಾತಿನ ಮೂಲ ದನಿ ಸುಮಾರು 85ರಿಂದ 180 ಹರ್ಟ್ಜ್, ಹೆಂಗಸರದ್ದು 165ರಿಂದ 255. ಅದರ ಕೆಳಗೆ ಮಾತಿಗೆ ಬೇಕಾದದ್ದು ಏನೂ ಇಲ್ಲ. ಅಲ್ಲಿರುವುದು ಸ್ಟೇಜ್ ಹಲಗೆ ಮೇಲೆ ಕಾಲಿಟ್ಟ ಧಡ್ ಸದ್ದು, ಗಾಳಿ, ಜನರೇಟರ್‌ನ ಗುಂಯ್, ಮೈಕ್ ಸ್ಟ್ಯಾಂಡ್ ತಾಗಿದ ಸದ್ದು. ಮಾತಾಡುವ, ಹಾಡುವ ಪ್ರತಿ ಮೈಕ್‌ಗೂ ಇದನ್ನು ಒತ್ತಿಬಿಡಿ. ಬೇಸ್ ಗಿಟಾರ್, ಕಿಕ್ ಡ್ರಮ್, ಲ್ಯಾಪ್‌ಟಾಪ್‌ಗೆ ಬೇಡ. ತೆರೆದ ಮೈದಾನದಲ್ಲಂತೂ ಈ ಒಂದು ಬಟನ್‌ನಿಂದಲೇ ಅರ್ಧ ತಲೆನೋವು ಹೋಗುತ್ತದೆ.

ಇಕ್ಯೂ

ಹೈ, ಮಿಡ್, ಲೋ. ನಮ್ಮ ಕಡೆ ಟ್ರೆಬಲ್, ಮಿಡ್, ಬೇಸ್ ಅನ್ನುತ್ತೇವೆ. ನಾಬ್ ನಡುವಿಗೆ ಇದ್ದರೆ ಅದು ಏನೂ ಮಾಡುತ್ತಿಲ್ಲ ಅಂತ ಅರ್ಥ. ಬಲಕ್ಕೆ ತಿರುಗಿಸಿದರೆ ಏರಿಕೆ, ಎಡಕ್ಕೆ ಇಳಿಕೆ, ಹೆಚ್ಚಿನವುಗಳಲ್ಲಿ 15 ಡಿಬಿವರೆಗೆ. 15 ಡಿಬಿ ತುಂಬಾ ಜಾಸ್ತಿ. ಹತ್ತು ಡಿಬಿ ಏರಿದರೇ ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನಿಸುತ್ತದೆ. ಗಡಿಯಾರದಲ್ಲಿ ಹನ್ನೆರಡರಿಂದ ಹತ್ತಕ್ಕೋ ಎರಡಕ್ಕೋ ಮುಳ್ಳು ಹೋಗುವಷ್ಟು ತಿರುಗಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ನನ್ನ ಅಭ್ಯಾಸ ಹೀಗೆ: ಮೊದಲು ತೆಗೆಯುವುದು, ಆಮೇಲೆ ಬೇಕಿದ್ದರೆ ಸೇರಿಸುವುದು. ಮಾತು ಮಸುಕಾಗಿದ್ದರೆ ಟ್ರೆಬಲ್ ಏರಿಸುವ ಮೊದಲು ಬೇಸ್ ಸ್ವಲ್ಪ ಇಳಿಸಿ ನೋಡಿ. ಮೈಕ್ ಬಾಯಿಗೆ ತೀರಾ ಹತ್ತಿರ ಬಂದಾಗ ಬೇಸ್ ತಾನಾಗಿಯೇ ಏರುತ್ತದೆ. ಅದನ್ನು ತೆಗೆದರೆ ಮಾತು ಬಿಡಿಸಿಕೊಳ್ಳುತ್ತದೆ. ಏರಿಸುವುದರಲ್ಲಿ ಇನ್ನೊಂದು ತೊಂದರೆ ಇದೆ. ಏರಿಸಿದಷ್ಟೂ ಗೇನ್ ಕೊಟ್ಟ ಹಾಗೆಯೇ ಲೆಕ್ಕ, ಮೈಕ್ ಆ ಜಾಗದಲ್ಲಿ ಮೊದಲು ಕೂಗುತ್ತದೆ.

ಟೆಸ್ಟಿಂಗ್‌ಗೆ ನಾನು ಊರಿನ ಹೆಸರುಗಳನ್ನೇ ಹೇಳುತ್ತೇನೆ. "ಪೊನ್ನಂಪೇಟೆ, ಭಾಗಮಂಡಲ, ಸೋಮವಾರಪೇಟೆ, ಶನಿವಾರಸಂತೆ, ಸುಂಟಿಕೊಪ್ಪ." ಪ, ಭ ಹೇಳುವಾಗ ಬಾಯಿಯಿಂದ ಗಾಳಿ ಹೊರಬರುತ್ತದೆ. ಬಾಕ್ಸ್‌ನಲ್ಲಿ ಬುಫ್ ಅಂತ ಕೇಳಿದರೆ ಲೋ ಕಟ್ ಒತ್ತಿಲ್ಲ, ಇಲ್ಲವಾದರೆ ಬೇಸ್ ಜಾಸ್ತಿ ಇದೆ, ಅಥವಾ ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಪಕ್ಕಕ್ಕೆ ಓರೆ ಮಾಡಬೇಕು. ಸ, ಶ ಹೇಳುವಾಗ ಕಿವಿಗೆ ಸೂಜಿ ಚುಚ್ಚಿದ ಹಾಗಾದರೆ ಟ್ರೆಬಲ್ ಜಾಸ್ತಿಯಾಗಿದೆ. ಆ ಚುಚ್ಚುವ ಸದ್ದು ಹೆಚ್ಚಾಗಿ 5ರಿಂದ 8 ಕಿಲೋಹರ್ಟ್ಜ್‌ನಲ್ಲಿರುತ್ತದೆ. ಸ ಮತ್ತು ಶ ಬೇರೆ ಬೇರೆಯಾಗಿ ಕೇಳದಿದ್ದರೆ ಟ್ರೆಬಲ್ ಸಾಲದು. ಇಷ್ಟು ಊರು ಹೇಳುವುದರೊಳಗೆ ಮೈಕ್‌ನ ಹಣೆಬರಹ ಗೊತ್ತಾಗಿಬಿಡುತ್ತದೆ.

ಮಿಡ್‌ಗೆ ಎರಡು ನಾಬ್ ಇದ್ದರೆ ನಿಮ್ಮ ಅದೃಷ್ಟ. ಒಂದು ಎಲ್ಲಿ ಅನ್ನುವುದನ್ನು ಆರಿಸುತ್ತದೆ, ಉದಾಹರಣೆಗೆ 250 ಹರ್ಟ್ಜ್‌ನಿಂದ 5 ಕಿಲೋಹರ್ಟ್ಜ್‌ವರೆಗೆ. ಇನ್ನೊಂದು ಎಷ್ಟು ಅನ್ನುವುದನ್ನು. ದನಿಯಲ್ಲಿ ಏನೋ ಸರಿಯಿಲ್ಲ, ಏನು ಅಂತ ಗೊತ್ತಾಗುತ್ತಿಲ್ಲ ಅಂದಾಗ ಹೀಗೆ ಹುಡುಕಿ. ಫೇಡರ್ ಸ್ವಲ್ಪ ಇಳಿಸಿಕೊಳ್ಳಿ. ಎಷ್ಟು ಅನ್ನುವ ನಾಬ್‌ ಸ್ವಲ್ಪ ಏರಿಸಿ. ಎಲ್ಲಿ ಅನ್ನುವುದನ್ನು ನಿಧಾನಕ್ಕೆ ಎಡದಿಂದ ಬಲಕ್ಕೆ ತಿರುಗಿಸುತ್ತಾ ಹೋಗಿ. ಒಂದು ಕಡೆ ಆ ಕೆಟ್ಟ ಸದ್ದು ಎದ್ದು ಕಾಣುತ್ತದೆ. ಅಲ್ಲೇ ನಿಲ್ಲಿಸಿ, ಈಗ ಎಷ್ಟು ಅನ್ನುವುದನ್ನು ನಡುವಿನಿಂದ ಎಡಕ್ಕೆ ಇಳಿಸಿ. ಡಬ್ಬದೊಳಗಿನಿಂದ ಮಾತಾಡಿದ ಹಾಗಿದ್ದರೆ ಅದು 250ರಿಂದ 400ರ ಆಸುಪಾಸಿನಲ್ಲಿ ಸಿಗುತ್ತದೆ. ಮೂಗಿನಲ್ಲಿ ಮಾತಾಡಿದ ಹಾಗಿದ್ದರೆ 1 ಕಿಲೋಹರ್ಟ್ಜ್‌ ಹತ್ತಿರ.

ಮಾತು ಸ್ಪಷ್ಟವಾಗುವ ಜಾಗ 2ರಿಂದ 4 ಕಿಲೋಹರ್ಟ್ಜ್. ಇದು ನಮ್ಮ ಜಿಲ್ಲೆಯವರು ನೆನಪಿಟ್ಟುಕೊಳ್ಳಬೇಕಾದ ಸಂಖ್ಯೆ. ಆಗಸ್ಟ್ 15ಕ್ಕೆ ಇಲ್ಲಿ ಮಳೆ ಬಿಟ್ಟಿರುವುದು ಅಪರೂಪ. ಧ್ವಜ ಹಾರಿಸಿ ಎಲ್ಲರೂ ಶೀಟ್ ಹೊದಿಸಿದ ಹಾಲ್‌ ಒಳಗೆ ಬಂದು ಕೂರುತ್ತಾರೆ. ಮೇಲೆ ಶೀಟಿನ ಮೇಲೆ ಮಳೆ, ಕೆಳಗೆ ಭಾಷಣ. ಆಗ ವಾಲ್ಯೂಮ್ ಏರಿಸುತ್ತಾ ಹೋದರೆ ಹಾಲ್ ಪೂರ್ತಿ ಗದ್ದಲ ತುಂಬುತ್ತದೆ, ಮಾತು ಅದರಲ್ಲೇ ಮುಳುಗುತ್ತದೆ. ಅದರ ಬದಲು ಬೇಸ್ ಇಳಿಸಿ, ಮಿಡ್‌ ಅನ್ನು 3 ಕಿಲೋಹರ್ಟ್ಜ್‌ಗೆ ತಂದು 3 ಡಿಬಿಯಷ್ಟು ಏರಿಸಿ. ದನಿ ಕೇಳಲು ಅಷ್ಟು ಚೆಂದ ಇರುವುದಿಲ್ಲ, ತೆಳ್ಳಗಾಗುತ್ತದೆ. ಆದರೆ ಮಾತು ಮಳೆಯ ಸದ್ದಿನ ನಡುವೆಯೂ ಬಿಡಿಸಿ ಕೇಳುತ್ತದೆ. ಭಾಷಣಕ್ಕೆ ಬೇಕಾದದ್ದು ಅದೇ. ಮಿಡ್ ನಾಬ್ ಒಂದೇ ಇದ್ದರೆ ಅದು ಹೆಚ್ಚಾಗಿ 2.5 ಕಿಲೋಹರ್ಟ್ಜ್‌ಗೆ ಕೂತಿರುತ್ತದೆ. ಅದೂ ಆಗುತ್ತದೆ.

ಕೊಡವರ ದುಡಿಕೊಟ್ಟ್ ಪಾಟ್‌ಗೆ (ದುಡಿ ಅನ್ನುವ ಸಣ್ಣ ಚರ್ಮವಾದ್ಯ ಬಾರಿಸುತ್ತಾ ಹಾಡುವ ಹಾಡು) ಮೈಕ್ ಹಾಕುವುದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ನಾಲ್ಕು ಜನ, ಒಬ್ಬೊಬ್ಬರ ಕೈಯಲ್ಲೂ ದುಡಿ, ದುಡಿ ಬಾರಿಸುತ್ತಲೇ ಹಾಡುತ್ತಾರೆ. ಹಾಡಿನಲ್ಲಿ ಮನೆತನದ ಹೆಸರು, ಊರಿನ ಹೆಸರು, ಕಥೆ ಎಲ್ಲ ಇರುತ್ತದೆ. ಅದು ಕೇಳದೆ ಬರೀ ದುಡಿ ಕೇಳಿದರೆ ಮೈಕ್ ಇಟ್ಟೂ ಇಡದ ಹಾಗೆ. ದುಡಿಗೆ ಬೇರೆ ಮೈಕ್ ಬೇಡವೇ ಬೇಡ, ಹಾಡುವ ಮೈಕ್‌ನಲ್ಲೇ ಅದು ಬೇಕಾದದ್ದಕ್ಕಿಂತ ಜಾಸ್ತಿ ಬರುತ್ತದೆ. ಮೈಕ್‌ನ ಬೆನ್ನು ದುಡಿಯ ಕಡೆ, ಮುಖ ಬಾಯಿಯ ಕಡೆ ಬರುವ ಹಾಗೆ ಸ್ಟ್ಯಾಂಡ್ ಬಾಗಿಸಿ. ಬಾಯಿಂದ ಒಂದು ಗೇಣಿಗಿಂತ ದೂರ ಬೇಡ. ಆಮೇಲೆ ಮಿಡ್‌ ತಿರುಗಿಸಿ ದುಡಿಯ ಪೆಟ್ಟು ಎಲ್ಲಿ ಎದ್ದು ಕೇಳುತ್ತದೋ ಅಲ್ಲಿ ಸ್ವಲ್ಪ ಇಳಿಸಿ. ಸ್ವಲ್ಪ ಮಾತ್ರ. ದುಡಿಯ ಜೀವವೂ ಉಳಿಯಬೇಕು. ಮದುವೆ ಹಾಲ್‌ನಲ್ಲಿ ವಾಲಗದವರಿಗೆ ಮಾತ್ರ ನಾನು ಮೈಕ್ ಇಡುವುದೇ ಇಲ್ಲ. ಆ ಸದ್ದಿಗೆ ಮಿಕ್ಸರ್‌ನ ಸಹಾಯ ಬೇಕಿಲ್ಲ.

ಆಕ್ಸ್

ಇಕ್ಯೂ ಕೆಳಗೆ ಒಂದೋ ಎರಡೋ ನಾಲ್ಕೋ ಆಕ್ಸ್ ನಾಬ್ ಇರುತ್ತವೆ. ಈ ಚಾನೆಲ್‌ನ ದನಿಯ ಒಂದು ಪಾಲನ್ನು ಬೇರೆ ಕಡೆಗೆ ಕಳಿಸುವ ದಾರಿ ಇದು. ಹೆಚ್ಚಾಗಿ ಎರಡು ಕಡೆಗೆ: ಹಾಡುವವರ ಎದುರಿನ ಮಾನಿಟರ್‌ಗೆ, ಮತ್ತೆ ಎಕೋಗೆ.

ಪ್ರಿ ಮತ್ತು ಪೋಸ್ಟ್ ಅಂತ ಬರೆದಿರುತ್ತದೆ. ಪ್ರಿ ಅಂದರೆ ಫೇಡರ್‌ಗಿಂತ ಮೊದಲೇ ಹೊರಟ ದನಿ. ನೀವು ಫೇಡರ್ ಏರಿಸಿದರೂ ಇಳಿಸಿದರೂ ಅದು ಬದಲಾಗುವುದಿಲ್ಲ. ಮಾನಿಟರ್‌ಗೆ ಇದೇ ಬೇಕು. ಜನರಿಗೆ ಕೇಳುವುದನ್ನು ನೀವು ಹೊಂದಿಸುತ್ತಿರುವಾಗ ಹಾಡುವವರಿಗೆ ತಮ್ಮ ದನಿ ಏರಿಳಿಯಬಾರದು. ಪೋಸ್ಟ್ ಅಂದರೆ ಫೇಡರ್ ದಾಟಿ ಬಂದ ದನಿ. ಎಕೋಗೆ ಇದು ಬೇಕು. ಫೇಡರ್ ಪೂರ್ತಿ ಇಳಿಸಿದಾಗ ಎಕೋ ಕೂಡ ನಿಲ್ಲಬೇಕು ಅಲ್ವಾ? ಎಕೋವನ್ನು ಪ್ರಿಗೆ ಹಾಕಿದರೆ ಮಾತು ಹೋಗಿ ಅದರ ನೆರಳು ಮಾತ್ರ ಕೇಳುತ್ತಾ ಇರುತ್ತದೆ.

ಎಕೋ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಹಾಡಿಗೆ ಹಾಕಿ, ಬೇಡ ಅನ್ನುವುದಿಲ್ಲ. ಭಾಷಣಕ್ಕೆ, ಅನೌನ್ಸ್‌ಮೆಂಟ್‌ಗೆ, ಕಾಮೆಂಟರಿಗೆ ಪೂರ್ತಿ ಸೊನ್ನೆ ಮಾಡಿ. ಹಾಲ್‌ನ ಗೋಡೆಗಳೇ ಸಾಕಷ್ಟು ಎಕೋ ಕೊಡುತ್ತವೆ. ಮೈದಾನದಲ್ಲಿ ದೂರದ ಬಾಕ್ಸ್‌ನಿಂದ ಸದ್ದು ತಡವಾಗಿ ಬರುತ್ತದೆ. ಸದ್ದು ಒಂದು ಸೆಕೆಂಡಿಗೆ ಹೋಗುವುದು ಸುಮಾರು 340 ಮೀಟರ್. ಅದರ ಮೇಲೆ ಇನ್ನೊಂದು ಎಕೋ ಸೇರಿಸಿದರೆ "ಕಳೆದುಹೋದ ಮಗು ಸ್ಟೇಜ್ ಹತ್ತಿರ ಇದೆ" ಅನ್ನುವುದು ಆ ಮಗುವಿನ ಅಮ್ಮನಿಗೆ ಅರ್ಥವಾಗುವುದಿಲ್ಲ. ಒಂದೇ ಮೈಕ್‌ನಲ್ಲಿ ಹಾಡೂ ಮಾತೂ ನಡೆಯುವುದಾದರೆ ಹಾಡು ಮುಗಿದ ಕೂಡಲೇ ಆ ಆಕ್ಸ್ ನಾಬ್‌ಗೆ ಕೈ ಹೋಗಬೇಕು. ದಸರಾ ಸ್ಟೇಜ್‌ನಂಥ ಕಡೆ ನಾನು ನಿರೂಪಕರಿಗೆ ಬೇರೆಯೇ ಮೈಕ್, ಬೇರೆಯೇ ಚಾನೆಲ್ ಕೊಡುತ್ತೇನೆ. ಅದರ ಎಕೋ ಆಕ್ಸ್ ಕೊನೆತನಕ ಸೊನ್ನೆಯಲ್ಲೇ ಇರುತ್ತದೆ.

ಮಾನಿಟರ್ ಬಾಕ್ಸ್ ಇಡುವ ಜಾಗವೂ ಮುಖ್ಯ. ಸಾಮಾನ್ಯ ಕಾರ್ಡಿಯಾಯ್ಡ್ ಮೈಕ್‌ಗೆ, ಅಂದರೆ ಎದುರಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಮೈಕ್‌ಗೆ, ಬೆನ್ನ ಹಿಂದೆ ಕಿವಿ ಕಡಿಮೆ. ಮಾನಿಟರ್ ಅಲ್ಲೇ ಇರಲಿ, ಹಾಡುವವರ ನೇರ ಎದುರು. ಸೂಪರ್‌ಕಾರ್ಡಿಯಾಯ್ಡ್ ಆದರೆ ಬೆನ್ನ ಹಿಂದೆ ಅಲ್ಲ, ಹಿಂದಿನ ಎರಡು ಓರೆಗಳಲ್ಲಿ ಕಿವಿ ಕಡಿಮೆ. ಮೈಕ್ ಡಬ್ಬದ ಮೇಲೆ ಯಾವುದು ಅಂತ ಬರೆದಿರುತ್ತಾರೆ.

ಪ್ಯಾನ್, ಮ್ಯೂಟ್, ಗ್ರೂಪ್

ಪ್ಯಾನ್ ದನಿಯನ್ನು ಎಡ ಬಲಕ್ಕೆ ಹಂಚುತ್ತದೆ. ಊರ ಕಾರ್ಯಕ್ರಮಗಳಲ್ಲಿ ನಡುವಿಗೇ ಇಡಿ. ಎಡಕ್ಕೆ ತಿರುಗಿಸಿದರೆ ಬಲಗಡೆ ಕೂತವರಿಗೆ ಆ ದನಿ ಹೋಗುವುದಿಲ್ಲ. ಗ್ರೂಪ್ ಬಟನ್‌ಗಳಿದ್ದರೆ, ಕೋರಸ್‌ನ ಮೈಕ್‌ಗಳನ್ನೆಲ್ಲ 1-2ಕ್ಕೆ ಹಾಕಿಕೊಂಡು ಗ್ರೂಪ್‌ನ ಫೇಡರ್‌ಗಳಲ್ಲೇ ಎಲ್ಲವನ್ನೂ ಒಟ್ಟಿಗೆ ಏರಿಸಿ ಇಳಿಸಬಹುದು. ಸಾಲಿನಲ್ಲಿ ಎಸ್‌ಟಿ ಅಂತಲೋ ಮೇನ್ ಅಂತಲೋ ಬರೆದ ಬಟನ್ ಒತ್ತದಿದ್ದರೆ ದನಿ ಮುಖ್ಯ ಬಾಕ್ಸ್‌ಗೆ ಹೋಗುವುದಿಲ್ಲ. ಮೀಟರ್ ಆಡುತ್ತಿದೆ, ಹಾಲ್‌ನಲ್ಲಿ ಏನೂ ಕೇಳುತ್ತಿಲ್ಲ ಅಂದರೆ ಮೊದಲು ಮ್ಯೂಟ್ ನೋಡಿ, ಆಮೇಲೆ ಇದನ್ನು ನೋಡಿ.

ಮ್ಯೂಟ್ ಅನ್ನು ಧಾರಾಳವಾಗಿ ಬಳಸಿ. ತೆರೆದಿರುವ ಮೈಕ್‌ಗಳು ಎರಡು ಪಟ್ಟಾದಾಗಲೆಲ್ಲ ಫೀಡ್‌ಬ್ಯಾಕ್ ಬರುವ ಮೊದಲು ಸಿಗುವ ಜೋರು 3 ಡಿಬಿ ಕಡಿಮೆಯಾಗುತ್ತದೆ. ಸಭೆಯ ಮೇಜಿನ ಮೇಲೆ ಎಂಟು ಮೈಕ್ ಇಟ್ಟು ಎಂಟನ್ನೂ ತೆರೆದಿಟ್ಟರೆ ಒಂದೇ ಮೈಕ್‌ ಇದ್ದಾಗಿಗಿಂತ 9 ಡಿಬಿ ಹೋಯಿತು. ಮಾತಾಡುವವರದ್ದು ಮಾತ್ರ ತೆರೆದಿರಲಿ. ಕಣ್ಣು ಸ್ಟೇಜ್ ಮೇಲಿರಲಿ, ಮೊಬೈಲ್ ಮೇಲಲ್ಲ.

ಫೇಡರ್

ಸಾಲಿನ ಕೊನೆ. ಮೇಲೆ 10, ಸ್ವಲ್ಪ ಕೆಳಗೆ 0, ತೀರಾ ಕೆಳಗೆ ಪೂರ್ತಿ ಬಂದ್. 0 ಅಂದರೆ ಏರಿಸಿಯೂ ಇಲ್ಲ, ಇಳಿಸಿಯೂ ಇಲ್ಲ. ಗೇನ್ ಸರಿಯಾಗಿ ಇಟ್ಟಿದ್ದರೆ ಮುಖ್ಯ ಮೈಕ್‌ನ ಫೇಡರ್ 0 ಆಸುಪಾಸಿನಲ್ಲೇ ಇರಬೇಕು. ಇದಕ್ಕೆ ಕಾರಣ ಇದೆ. 0 ಹತ್ತಿರ ಒಂದು ಬೆರಳಿನಷ್ಟು ಸರಿಸಿದರೆ ಕೆಲವೇ ಡಿಬಿ ಬದಲಾಗುತ್ತದೆ. ತೀರಾ ಕೆಳಗೆ ಅಷ್ಟೇ ಸರಿಸಿದರೆ ಇಪ್ಪತ್ತು ಡಿಬಿ ಹಾರಬಹುದು. ಹಾಗಾಗಿ ಫೇಡರ್ ಯಾವಾಗಲೂ ತಳದಲ್ಲೇ ಆಡಿಸಬೇಕಾಗಿ ಬಂದರೆ ಮಾಸ್ಟರ್ ಅಥವಾ ಆಂಪ್ಲಿಫೈಯರ್ ಜಾಸ್ತಿ ತೆರೆದಿದೆ ಅಂತ ಅರ್ಥ. ಅದನ್ನು ಇಳಿಸಿ, ಫೇಡರ್ ಮೇಲೆ ತನ್ನಿ.

ಜೋರು ಸಾಲದು ಅಂದಾಗ ಇನ್ನೊಂದು ದಾರಿಯೂ ಇದೆ: ಉಳಿದದ್ದನ್ನು ಇಳಿಸುವುದು. ಹಾಡುವವರ ದನಿ ಟ್ರ್ಯಾಕ್‌ನಲ್ಲಿ (ಮೊದಲೇ ರೆಕಾರ್ಡ್ ಮಾಡಿದ ಹಿನ್ನೆಲೆ ಸಂಗೀತ) ಮುಳುಗುತ್ತಿದ್ದರೆ ಟ್ರ್ಯಾಕ್‌ನ ಫೇಡರ್ ಒಂದಿಷ್ಟು ಕೆಳಗೆ ತನ್ನಿ. ದನಿ ತಾನಾಗಿಯೇ ಮೇಲೆ ಬರುತ್ತದೆ. ಮಿಕ್ಸರ್ ಬಿಟ್ಟೆದ್ದು ಹಾಲ್‌ನ ಹಿಂದಿನ ಮೂಲೆಗೆ ನಡೆದು ಹೋಗಿ ಕೇಳಿ. ಮಿಕ್ಸರ್ ಪಕ್ಕ ಚೆನ್ನಾಗಿ ಕೇಳಿದ್ದು ಅಲ್ಲಿ ಹಾಗೆ ಇರುವುದಿಲ್ಲ.

ಮಳೆಗಾಲದ ಜೋಪಾನ

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಮಿಕ್ಸರ್‌ಗೂ ಹಿಡಿಯುತ್ತದೆ. ನಾಬ್ ತಿರುಗಿಸಿದಾಗ ಕರ ಕರ ಅಂತ ಸದ್ದು ಬರುವುದು, ಫೇಡರ್ ಒಂದು ಜಾಗದಲ್ಲಿ ದನಿ ಕಳಕೊಳ್ಳುವುದು ಅದರ ಗುರುತು. ಬಳಸದಿದ್ದರೂ ವಾರಕ್ಕೊಮ್ಮೆ ಆನ್ ಮಾಡಿ ಒಂದು ಗಂಟೆ ಬಿಡಿ. ಪ್ರತಿ ನಾಬನ್ನು, ಫೇಡರನ್ನು ಈ ತುದಿಯಿಂದ ಆ ತುದಿಗೆ ಹತ್ತಾರು ಸಲ ಆಡಿಸಿ. ಕರ ಕರ ಹೋಗದಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹಾಕಬಹುದು. ಮೊದಲು ಪ್ಲಗ್ ಕಿತ್ತಿಡಿ, ಸ್ಪ್ರೇ ಒಣಗಿದ ಮೇಲೆಯೇ ಮತ್ತೆ ಆನ್ ಮಾಡಿ. ಫೇಡರ್‌ಗೆ ಫೇಡರ್‌ಗೆಂದೇ ಇರುವ ಸ್ಪ್ರೇ ಕೇಳಿ ತಗೊಳ್ಳಿ. ಹೊಲಿಗೆ ಮೆಷಿನ್ ಎಣ್ಣೆ, ತೆಂಗಿನೆಣ್ಣೆ ಯಾವುದೂ ಬೇಡ, ಧೂಳು ಅಂಟಿಕೊಂಡು ಇನ್ನೂ ಕೆಡುತ್ತದೆ.

ಇಡಲು ಬಾಗಿಲಿರುವ ಮರದ ಕಪಾಟು ಒಳ್ಳೆಯದು. ಒಳಗೆ ಒಂದು ಸಣ್ಣ ಹಳೆ ಥರದ ತಂತಿ ಬಲ್ಬ್ ಉರಿಸಿಡಿ. ಎಲ್‌ಇಡಿ ಬಿಸಿ ಕೊಡುವುದು ಕಡಿಮೆ, ಅದರಿಂದ ಥಂಡಿ ಹೋಗುವುದಿಲ್ಲ. ಬಲ್ಬ್‌ಗೂ ಬಟ್ಟೆಗೂ ನಡುವೆ ಜಾಗ ಇರಲಿ. ಪ್ಲಾಸ್ಟಿಕ್ ಕವರ್ ಬಿಗಿಯಾಗಿ ಸುತ್ತಿಡಬೇಡಿ, ಒಳಗಿನ ತೇವ ಅಲ್ಲೇ ಉಳಿಯುತ್ತದೆ. ಹತ್ತಿ ಬಟ್ಟೆ ಹೊದಿಸಿ.

ಆನ್ ಮಾಡುವಾಗ ಮಿಕ್ಸರ್ ಮೊದಲು, ಆಂಪ್ಲಿಫೈಯರ್ ಕೊನೆಗೆ. ಆಫ್ ಮಾಡುವಾಗ ಆಂಪ್ಲಿಫೈಯರ್ ಮೊದಲು. ಕರೆಂಟ್ ಹೋಗಿ ಜನರೇಟರ್‌ಗೆ ಬದಲಾಯಿಸುವ ಹೊತ್ತಿನಲ್ಲೂ ಇದೇ ಕ್ರಮ. ಕಾರ್ಯಕ್ರಮ ಮುಗಿದ ಮೇಲೆ 48 ವೋಲ್ಟ್ ಆಫ್ ಮಾಡಿ, ಗೇನ್, ಆಕ್ಸ್, ಫೇಡರ್ ಎಲ್ಲ ಕೆಳಕ್ಕೆ ತಂದು, ಇಕ್ಯೂ, ಪ್ಯಾನ್ ನಡುವಿಗೆ ಇಟ್ಟು ಮುಚ್ಚಿಡಿ. ಮುಂದಿನ ಸಲ ಬೇರೆ ಯಾರೇ ಆನ್ ಮಾಡಿದರೂ ಮೇಲಿನಿಂದ ಸರಿಯಾಗಿ ಶುರು ಮಾಡಬಹುದು.